ಕಾಟವ್ವನ ಬೆರಳು ಎದ್ದದ್ದು

ಒಂದಾನೊಂದು ಕಾಲದಲ್ಲಿ, ಚಳಿಗೆ ಕರಿ ಕಂಬಳಿ ಬಿಟ್ಟರೆ ಬೇರೆ ಹೊದಿಕೆಯೇ ಇಲ್ಲದ ಕಾಲದಲ್ಲಿ, ಕಾಟವ್ವ ಅಂತ ಒಬ್ಬಳು ಮುದುಕಿ ಇದ್ದಳಂತೆ. ಕುರಿ ಉಣ್ಣೆ ನೂಲೋದು ಅವಳ ಕೆಲಸ, ಕಂಬಳಿ ನೇಯೋದು ಮೂವರು ಗಂಡುಮಕ್ಕಳ ಕೆಲಸ. ಊರನ್ನೆಲ್ಲ ಬೆಚ್ಚಗಿಟ್ಟ ಅವಳ ಬೆರಳೇ ಒಂದು ಚಳಿಗಾಲ ತಣ್ಣಗಾಗಿ ಜೋಮು ಹಿಡಿದವಂತೆ. ಎಳೆ ಹಿಡಿದದ್ದೇ ಗೊತ್ತಾಗದು, ಪಟ್ಟಂತ ಕಡಿಯೋದು. ಕಿರಿ ಸೊಸೆ ಹೊನ್ನಿ ಬೇರೆ ತುಂಬಿದ ಬಸುರಿ. ಆ ಮನೇಲಿ ಕೂಸಿಗೆ ಅಜ್ಜಿ ನೂತ ನೂಲಿನ ಕಂಬಳಿಯೇ ಮೊದಲ ಹೊದಿಕೆ, ತಪ್ಪೋ ಹಾಗಿಲ್ಲ. ಕಾಟವ್ವ ಹೆದರೋಳಲ್ಲ ಬಿಡು. ಬೆರಳು ಸತ್ತಿಲ್ಲ ಕಣ್ರೋ, ನಿದ್ದೆ ಹೋಗಿವೆ, ಎಬ್ಬಿಸಿದರಾಯ್ತು ಅಂದಳಂತೆ.

ಆಮೇಲೆ ಕರಾವಳಿಯಿಂದ ಉಪ್ಪು ಮಾರೋಕೆ ಬಂದ ಹೆಂಗಸು ಅವಳ ಕೈ ಮುಟ್ಟಿ ನೋಡಿ, ಒಳ್ಳೆಮೆಣಸಿನ ಕಷಾಯ ಕುಡೀರಿ ಅಮ್ಮ, ರಕ್ತ ಬೆರಳ ತುದಿವರೆಗೂ ಓಡ್ತದೆ ಅಂತ ಹೇಳಿ ಹೋದಳಂತೆ. ದೊಡ್ಡ ಮಗ ಸಂತೆಗೆ ಹೋಗಿ, ಒಳ್ಳೊಳ್ಳೆ ಮೆಣಸಿನಕಾಯಿ ಆರಿಸಿ ತಂದು ಕುದಿಸಿ ಕೊಟ್ಟನಂತೆ! ಒಂದು ಗುಟುಕಿಗೇ ಕಾಟವ್ವ ಅಂಗಳದ ತುಂಬ ಕುಣಿದಳು. ಕಣ್ಣು, ಮೂಗು ಎಲ್ಲ ಎದ್ದವು, ಬೆರಳು ಏಳಲಿಲ್ಲ. ಆಮೇಲೆ ನಡುವಿನವನು, ಅಣ್ಣನಿಗೆ ತಲೆ ಇಲ್ಲ, ಒಳ್ಳೇದು ಅಂದರೆ ಸಾಧು, ಸಾಧು ಅಂದರೆ ಖಾರ ಇಲ್ಲದ್ದು ಅಂತ ಬರೀ ಬಣ್ಣದ ಮೆಣಸಿನಕಾಯಿ ತಂದನಂತೆ. ನಾಲಿಗೆ ಕೆಂಪಾಯಿತು, ಅಷ್ಟೆ.

ಆಮೇಲೆ ಕಿರಿಯವನೂ ಚೀಲ ಹಿಡಿದು ಹೊರಟ. ಹೊನ್ನಿ ತಡೆದು, ಸಂತೆಗೆ ಆಮೇಲೆ ಹೋಗೀರಂತೆ, ಮೊದಲು ಹೇಳಿದವಳನ್ನೇ ಕೇಳ್ಕೊಂಡು ಬನ್ನಿ ಅಂದಳಂತೆ. ಅವನು ಪಕ್ಕದೂರಲ್ಲಿ ಉಪ್ಪಿನವಳನ್ನು ಹಿಡಿದು ಕೇಳಿದರೆ, ಅವಳು ನಕ್ಕೂ ನಕ್ಕೂ ಸುಸ್ತಾಗಿ, ನಿಮ್ಮ ಕರಿಮೆಣಸನ್ನೇ ನಾವು ಒಳ್ಳೆಮೆಣಸು ಅನ್ನೋದು ಮಾರಾಯ್ರೇ, ನಾಕು ಕಾಳು ಸಾಕು, ಒಣಶುಂಠಿ, ಬೆಲ್ಲ ಹಾಕಿ, ಬರೀ ಕುಡಿದು ಕೂರಬಾರದು, ಬಿಸಿ ಎಣ್ಣೆ ತಿಕ್ಕಿ ನಾಲ್ಕು ಹೆಜ್ಜೆ ನಡೆಸಿ ಅಂದಳಂತೆ.

ಹೊನ್ನಿ ದಿನಾ ಹಾಗೇ ಮಾಡಿದಳು. ಕಾಟವ್ವ ಕಷಾಯ ಕುಡಿಯೋದು, ಕೈ ತಿಕ್ಕಿಸಿಕೊಳ್ಳೋದು, ಕುರಿ ಹಿಂದೆ ಒಂದು ಸುತ್ತು ಹೋಗಿ ಬರೋದು. ಒಂದು ಬೆಳಿಗ್ಗೆ ಉಣ್ಣೆ ಬಿಡಿಸುವಾಗ ಅದರೊಳಗಿನ ಮುಳ್ಳು ಚುಚ್ಚಿ, ಕಾಟವ್ವ ಅಯ್ಯೋ ಅಂತ ಕಿರುಚಿದಳಂತೆ. ಎಲ್ಲರೂ ಓಡಿ ಬಂದರೆ ಮುದುಕಿ ನಗ್ತಾ ಕೂತಿದ್ದಾಳೆ, ನೋವಾಯ್ತು ಕಣ್ರೋ, ನೋವಾಯ್ತು!

ಆಮೇಲೇನು, ನೂಲೂ ಆಯಿತು, ಕಂಬಳಿಯೂ ಆಯಿತು, ಹೆಣ್ಣು ಕೂಸೂ ಹುಟ್ಟಿತು. ಹೊದಿಸೋಕೆ ಹೋದರೆ ಕೂಸು ಅಜ್ಜಿಯ ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿತಂತೆ. ಹಿಡಿದದ್ದು ಕಾಟವ್ವನಿಗೆ ಗೊತ್ತಾಯಿತಂತೆ.

ಎಲ್ಲಿ ಕಂದ, ಕಾಲು ಕಂಬಳಿ ಒಳಗೆ ಎಳ್ಕೋ. ಅವಳ ಬೆರಳು ಎದ್ದವು, ನಿನ್ನ ಕಣ್ಣು ಮಲಗಲಿ, ಕತೆ ಮುಗೀತು.