ಹಾಲು ಉಕ್ಕಲು ಬಿಡದ ಮನೆ

"ಗುರುಗಳೇ, ನಮ್ಮ ಒಳ್ಳೆಯದನ್ನೇ ಬಯಸುವವರ ಮಾತು ಮೀರಿದರೆ ಪಾಪ ಬರುತ್ತದೆಯೆ?" ಎಂದು ಚನ್ನಾಜಿ ಕೇಳಿದಳು. "ನಮ್ಮಣ್ಣ ಕೆಟ್ಟವನಲ್ಲ. ಆದರೆ ಯಾರ ಮನೆಗೆ ಹೋಗಬೇಕು, ಯಾರೊಡನೆ ಮಾತಾಡಬೇಕು, ಎಲ್ಲವನ್ನೂ ಅವನೇ ಹೇಳುತ್ತಾನೆ."

ಗುರುಗಳು ಅವಳನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಮನೆ ಹೇಳಿದ ಮಾತು ಕೇಳುತ್ತಿತ್ತು. ದೀಪ ಹತ್ತು ಎಂದರೆ ಹತ್ತುತ್ತಿತ್ತು, ಬಾಗಿಲು ಮುಚ್ಚು ಎಂದರೆ ಮುಚ್ಚುತ್ತಿತ್ತು. ತೊಟ್ಟಿ ತುಂಬಿದರೆ ಮೋಟಾರು ತಾನಾಗಿಯೇ ನಿಲ್ಲುತ್ತಿತ್ತು. ಮನೆಯ ಲಗಾಮೆಲ್ಲ ಅವನ ಫೋನಿನಲ್ಲಿತ್ತು. ಹೆಂಡತಿ ಮಕ್ಕಳು ಕೇಳುತ್ತಿದ್ದರೋ ಇಲ್ಲವೋ, ಮನೆಯಂತೂ ಕೇಳುತ್ತಿತ್ತು.

ಆ ಮನೆಯನ್ನು ಅವನು ಮಾರಿದ. ಕೊಂಡವಳು ಹೋಳಿಗೆ ತಟ್ಟಿ ಮಾರುತ್ತಿದ್ದ ಒಬ್ಬ ಹೆಂಗಸು. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ಕೂತು ಬೆವರಿಳಿಸಿದವಳು. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮನೆಯೊಡತಿಯ ಮುಖ ನೋಡಿದವಳು. ನನ್ನದು ಅಂತ ಒಂದು ಸೂರು ಬೇಕು, ಅದರ ಕೆಳಗೆ ಯಾರನ್ನೂ ಕೇಳುವಂತಿರಬಾರದು. ಅವಳಿಗಿದ್ದ ಆಸೆ ಅದೊಂದೇ.

ಪತ್ರ ನೋಂದಣಿಯಾಯಿತು. ವ್ಯಾಪಾರಿ ಅವಳ ಫೋನಿಗೂ ಮನೆಯನ್ನು ಜೋಡಿಸಿಕೊಟ್ಟ. ಅಲ್ಲಿ ಅವಳ ಹೆಸರಿನ ಕೆಳಗೆ ಅತಿಥಿ ಎಂದಿತ್ತು. ಯಜಮಾನ ಎಂದಿದ್ದ ಕಡೆ ಅವನ ಹೆಸರೇ ಕೂತಿತ್ತು. ಕೇಳಿದ್ದಕ್ಕೆ, "ಇದೆಲ್ಲ ನಿಮಗೆ ತಿಳಿಯೋದಿಲ್ಲಮ್ಮ. ಕಲಿಯೋವರೆಗೂ ನನ್ನ ಹತ್ತಿರ ಇರಲಿ" ಎಂದ. ಹೋಗಲಿ, ಹಿರಿಯರು ಎಂದು ಅವಳು ಒಪ್ಪಿಕೊಂಡಳು.

ಗೃಹಪ್ರವೇಶದ ದಿನ ಬಂತು. ಹೊಸ ಮನೆಗೆ ಕಾಲಿಟ್ಟವರು ಮೊದಲು ಹಾಲು ಉಕ್ಕಿಸಬೇಕು. ಪಾತ್ರೆ ಮೀರಿ ಚೆಲ್ಲಿದರೆ ಮನೆ ತುಂಬಿತು ಅಂತ. ಅವಳು ಹೊಸ ಪಾತ್ರೆಗೆ ಅರಿಸಿನ ಕುಂಕುಮ ಹಚ್ಚಿ ಹಾಲಿಟ್ಟಳು. ಹಾಲು ಏರಿತು. ಇನ್ನೇನು ಅಂಚು ಮುಟ್ಟಿತು ಎನ್ನುವಾಗ ಒಲೆ ತಾನಾಗಿಯೇ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲವೂ ಹಾಗೇ. ನೆರೆದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಅವಳು ಕರೆದದ್ದಕ್ಕೆ ಬಂದು ನಡುಮನೆಯಲ್ಲಿ ಕೂತಿದ್ದ ವ್ಯಾಪಾರಿ ನಕ್ಕ. "ಹಾಲು ಚೆಲ್ಲಬಾರದು ಅಂತ ನಾನೇ ಮಾಡಿಸಿದ್ದು. ಒಳ್ಳೆಯದೇ ಅಲ್ಲವೇನಮ್ಮ? ಒಂದು ಚಮಚ ಒಲೆಯ ಮೇಲೆ ಸುರಿದುಬಿಡಿ, ಶಾಸ್ತ್ರ ಆಯಿತು."

"ನಿಮ್ಮ ಗೃಹಪ್ರವೇಶಕ್ಕೂ ಚಮಚದಲ್ಲೇ ಸುರಿದಿರೇನಣ್ಣ?"

"ಛೇ, ಆಗ ಈ ಒಲೆ ಇರಲಿಲ್ಲ. ಚೆನ್ನಾಗಿ ಉಕ್ಕಿತ್ತು."

"ನಿಮ್ಮ ಹಾಲು ಉಕ್ಕಿಸಿಕೊಂಡು ನಮ್ಮ ಹಾಲಿಗೆ ಬೀಗ ಹಾಕಿದಿರಿ. ತೆಗೆದುಕೊಡಿ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ಇವತ್ತು ತೆಗೆದುಕೊಟ್ಟರೆ ನಾಳೆ ನೀವು ಒಲೆ ಮರೆತು ಮನೆ ಸುಡುತ್ತೀರಿ" ಎಂದ. ಇಪ್ಪತ್ತೆರಡು ವರ್ಷ ಒಲೆ ಕಾದವಳಿಗೆ ಈ ಮಾತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಿತ್ತಲಿನಿಂದ ಮೂರು ಇಟ್ಟಿಗೆ ತಂದು ನಡುಮನೆಯಲ್ಲೇ, ಅವನ ಕಾಲ ಮುಂದೆಯೇ, ಒಲೆ ಹೂಡಿದಳು. ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಹಚ್ಚಿದಳು. ಹೊಗೆ ಎದ್ದದ್ದೇ ತಡ, ಮನೆ ಅರಚಿಕೊಳ್ಳತೊಡಗಿತು. ಸೂರಿನಲ್ಲಿ ಗಂಟೆ, ಗೋಡೆಯಲ್ಲಿ ಕೆಂಪು ದೀಪ, ವ್ಯಾಪಾರಿಯ ಜೇಬಿನಲ್ಲೂ ಅದೇ ಕೂಗು. "ನಿಲ್ಲಿಸಮ್ಮ, ನನ್ನ ಮನೆ ಹಾಳಾಗುತ್ತೆ" ಎಂದು ಅವನು ಎದ್ದು ನಿಂತ.

"ಕೂತುಕೊಳ್ಳಿ ಅಣ್ಣ. ಓಲಗದವರಿಗೆ ಹೇಳಿರಲಿಲ್ಲ, ಅದೂ ಆಯಿತು."

ಹಾಲು ಏರಿತು, ಅಂಚು ದಾಟಿತು, ನಾಲ್ಕೂ ಕಡೆ ಸುರಿದು ಬೆಂಕಿಯಲ್ಲಿ ಚುರ್ ಎಂದಿತು. ನುಣುಪು ನೆಲ ಕಪ್ಪಾಯಿತು. ಅವಳು ಪಾತ್ರೆ ಇಳಿಸಿ, ಮೀಟರ್ ಬೋರ್ಡಿನ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ಮನೆ ಬಾಯಿ ಮುಚ್ಚಿತು.

ವ್ಯಾಪಾರಿ ಫೋನನ್ನು ಉಜ್ಜಿ ಉಜ್ಜಿ ನೋಡಿದ. "ಮನೆಯೇ ಸಿಗುತ್ತಿಲ್ಲವಲ್ಲ" ಎಂದ.

"ಇಲ್ಲೇ ಇದೆ. ಎಲೆ ಹಾಕಿದ್ದೇವೆ, ಉಂಡು ಹೋಗಿ" ಎಂದಳು ಅವಳು.

ಮಾರನೆಯ ದಿನ ಕರೆಂಟಿನ ಕೆಲಸದವನನ್ನು ಕರೆಸಿ ಆ ಯಂತ್ರಗಳನ್ನೆಲ್ಲ ಬಿಚ್ಚಿಸಿದಳು. ಬಿಚ್ಚಿದ್ದನ್ನು ಮೊರದಲ್ಲಿಟ್ಟು, ಮೇಲೆ ಎಲೆ ಅಡಿಕೆ ಇಟ್ಟು, ವ್ಯಾಪಾರಿಗೆ ಕಳಿಸಿಕೊಟ್ಟಳು. ನೆಲದ ಕಪ್ಪು ಕಲೆಯನ್ನು ಮಾತ್ರ ಎಂದೂ ತಿಕ್ಕಿಸಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಮೀರಬಹುದು ಅಂತ ಹೇಳುತ್ತೀರಾ ಗುರುಗಳೇ? ನೀವು ಹೂಂ ಅಂದುಬಿಡಿ, ನಾಳೆಯೇ ಅಣ್ಣನಿಗೆ ಹೇಳುತ್ತೇನೆ" ಎಂದಳು ಚನ್ನಾಜಿ.

ಗುರುಗಳು ಕೇಳಿದರು: "ಅದಕ್ಕೂ ನನ್ನ ಅಪ್ಪಣೆ ಬೇಕೇನಮ್ಮ?"