ಮುಳ್ಳವ್ವನ ಝಲ್

ಒಂದು ಕಾಡಿನಲ್ಲಿ ಹಾಡಿಲ್ಲದೆ ಹೊತ್ತೇ ಮುಳುಗುತ್ತಿರಲಿಲ್ಲ. ಹಳ್ಳದ ಪಕ್ಕದ ಹಾಸುಬಂಡೆಯ ಮೇಲೆ ಪ್ರಾಣಿ ಪಕ್ಷಿಗಳೆಲ್ಲ ಸೇರಿ ಮುತ್ತಜ್ಜಿಯರ ಕಾಲದ ಪದಗಳನ್ನು ಹಾಡುತ್ತಿದ್ದವು. ದಿನಾ ಅದೇ ಪದ, ಅದೇ ಧಾಟಿ. ಮರಕುಟಿಗನಿಗೆ ಇದು ಸಾಕಾಗಿ ಹೋಗಿತ್ತು. ಪದ ಹಳೆಯದೇ ಇರಲಿ, ಸದ್ದು ಹೊಸದು ಸೇರಿಸಿ ನೋಡೋಣ ಎಂದು ಅವನು ಹಟ ಹಿಡಿದ. ಜೇನುಹುಳಗಳು ಶ್ರುತಿ ಹಿಡಿಯಲಿ, ಕಪ್ಪೆಗಳು ದಪ್ಪ ದನಿ ಕೊಡಲಿ, ತಾನು ಒಣಮರದ ಮೇಲೆ ತಾಳ ಹಾಕುತ್ತೇನೆ ಎಂದ. ಕಾಡಿಗೆ ಹಿರಿಯರಾದ ಕಡವೆ ಯಜಮಾನರು ಆಗಲಿ ಅಂದರು. ಹುಣ್ಣಿಮೆಯ ಸಂಜೆಗೆ ಕೂಟ ಗೊತ್ತಾಯಿತು.

ಕೂಟ ನಡೆಸುವ ಹೊಣೆ ನನಗಿರಲಿ ಎಂದು ನರಿ ತಾನಾಗಿ ಮುಂದೆ ಬಂದ. ನರಿಗೂ ಸಂಗೀತಕ್ಕೂ ಎಲ್ಲಿಯ ನಂಟು ಅಂತ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ, ಪುಕ್ಕಟೆ ಕೆಲಸಕ್ಕೆ ಜನ ಸಿಕ್ಕಿದರಲ್ಲ ಎಂದು ಖುಷಿಪಟ್ಟರು. ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಕೂಟ ನಡೆಸಿದವರೇ ಕೊನೆಗೆ ಮಂಗಳ ಹಾಡಬೇಕು, ಅದಾಗದೆ ಯಾರೂ ಏಳುವಂತಿಲ್ಲ. ನರಿ ಅದಕ್ಕೂ ಹೂಂ ಅಂದ. ಅಷ್ಟು ಹೊತ್ತಿಗೆ ಕಾಡು ದಾಟಿರುತ್ತೇನೆ ಎನ್ನುವುದು ಅವನ ಎಣಿಕೆ.

ಅವನ ಕಣ್ಣಿದ್ದದ್ದು ಗೌಜಲಹಕ್ಕಿಯ ಮೊಟ್ಟೆಗಳ ಮೇಲೆ. ಗೌಜಕ್ಕ ಎಂದೇ ಎಲ್ಲರೂ ಕರೆಯುವ ಆ ಹಕ್ಕಿ ಬಂಡೆಯ ಕೆಳಗೆ, ಲಂಟಾನ ಪೊದೆಯ ಬುಡದಲ್ಲಿ ಐದು ಮೊಟ್ಟೆ ಇಟ್ಟಿದ್ದಳು. ಹೋದ ವರ್ಷದ ಮೊಟ್ಟೆಗಳನ್ನು ಹಳ್ಳದ ನೀರು ಕೊಚ್ಚಿಕೊಂಡು ಹೋಗಿತ್ತು. ಹಾಗಾಗಿ ಈ ಸಲ ಅವಳು ಗೂಡು ಬಿಟ್ಟು ಕದಲುತ್ತಲೇ ಇರಲಿಲ್ಲ. ಆದರೆ ಕಾವು ಕೂರುವಾಗ ಹಾಡುವ ಹಳೆಯ ಪದ ಬರುತ್ತಿದ್ದದ್ದು ಅವಳೊಬ್ಬಳಿಗೇ. ಕೂಟಕ್ಕೆ ಆ ಪದವೇ ಬೇಕೆಂದು ನರಿ ಪಟ್ಟು ಹಿಡಿದ. ಅವಳು ಹಿಂದೆಮುಂದೆ ನೋಡಿದಾಗ ನಗುತ್ತಾ ಹೇಳಿದ:

"ಒಂದು ಪದ ಹಾಡೋವಷ್ಟು ಹೊತ್ತು ತಾನೆ ಅಕ್ಕ. ಮೊಟ್ಟೆ ಏನು ಎದ್ದು ಓಡಿ ಹೋಗ್ತಾವಾ?"

ಗೌಜಕ್ಕ ಕೊನೆಗೆ ಒಪ್ಪಿದಳು. ಜೊತೆಗೆ ನರಿ ಎರಡು ಕಟ್ಟಳೆ ಹಾಕಿದ. ಹಾಡು ಮುಗಿಯುವ ತನಕ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಕೇಳಬೇಕು. ನಡುವೆ ಯಾರೂ ಬಾಯಿ ಬಿಡಬಾರದು. ಹೊಸ ಸಂಗೀತ ಅಂದರೆ ಹಾಗೇ ಅಂತೆ. ಎಲ್ಲರೂ ಅಬ್ಬಾ, ಎಷ್ಟು ತಿಳಿದುಕೊಂಡಿದ್ದಾನೆ ಎಂದು ತಲೆದೂಗಿದರು.

ಮುಳ್ಳುಹಂದಿ ಮುಳ್ಳವ್ವನಿಗೂ ಕೂಟದಲ್ಲಿ ಸೇರುವ ಆಸೆ. ಅವಳು ಮೈ ಕೊಡವಿದರೆ ಮುಳ್ಳುಗಳು ಒಂದಕ್ಕೊಂದು ತಾಗಿ ಗೆಜ್ಜೆಯ ಹಾಗೆ ಝಲ್ ಎನ್ನುತ್ತಿದ್ದವು. ನರಿಗೆ ಎದೆ ಧಸಕ್ಕೆಂದಿತು. ಈ ಸದ್ದಿಗೆ ಎಂಥವರೂ ಕಣ್ಣು ಬಿಡುತ್ತಾರೆ. "ಇದೂ ಒಂದು ಸಂಗೀತವಾ? ಒಣಹುಲ್ಲು ಕೊಡವಿದ ಹಾಗಿದೆ" ಎಂದು ಎಲ್ಲರೆದುರೇ ಅವಳನ್ನು ಆಚೆ ಕಳಿಸಿದ. ಮುಳ್ಳವ್ವ ಮುಖ ಸಣ್ಣದು ಮಾಡಿಕೊಂಡು ಹೊರಟಳು. ಅವಳಿಗೆ ಅಳುವೇ ಬಂದಿತ್ತು. ಪೊದೆಯ ಪಕ್ಕ ಹಾದುಹೋಗುವಾಗ ಗೌಜಕ್ಕ ಗೂಡಿನಿಂದಲೇ ಅವಳನ್ನು ತಡೆದು, ಹೇಗೂ ಬಂಡೆ ಹತ್ತುವುದಿಲ್ಲವಲ್ಲ, ನಾನು ಬರುವ ತನಕ ಗೂಡಿನ ಹತ್ತಿರ ಕೂತಿರು ಎಂದು ಕೇಳಿಕೊಂಡಳು. ಮುಳ್ಳವ್ವ ಒಪ್ಪಿದಳು. ಪಾಪ, ಬಾಯಿ ಬಿಡಬಾರದು ಎನ್ನುವ ಕಟ್ಟಳೆಯನ್ನೂ ನೆನಪಿಟ್ಟುಕೊಂಡೇ ಹೋಗಿ ಪೊದೆಯ ಹಿಂದೆ ಕೂತಳು.

ಸಂಜೆಯಾಯಿತು. ಜೇನುಹುಳಗಳು ಶ್ರುತಿ ಹಿಡಿದವು. ಕಪ್ಪೆಗಳ ದಪ್ಪ ದನಿಯ ಮೇಲೆ ಮರಕುಟಿಗನ ತಾಳ ಬಿತ್ತು. ಗೌಜಕ್ಕ ಪದ ಎತ್ತಿದಳು. ಆಹಾ, ಹಳೆಯ ಪದಕ್ಕೆ ಹೊಸ ಮೈ ಬಂದಿತ್ತು. ಎಲ್ಲರೂ ಕಣ್ಣು ಮುಚ್ಚಿ ಕೂತರು. ನರಿ ಮೆಲ್ಲಗೆ ಜಾರಿಕೊಂಡ.

ಪೊದೆಯ ಹತ್ತಿರ ತರಗೆಲೆ ಚರ್ ಎಂದಿತು. ಮುಳ್ಳವ್ವನಿಗೆ ಕಣ್ಣು ಮಂದ, ಕಿವಿ ಚುರುಕು. ಈ ಸದ್ದು ತಾಳಕ್ಕೆ ಸೇರಿದ್ದಲ್ಲ ಎಂದು ಅವಳಿಗೆ ಗೊತ್ತಾಯಿತು. ಕೂಗೋಣವೆಂದರೆ ಬಾಯಿ ಬಿಡುವಂತಿಲ್ಲ. ಹೆದರಿಕೆಗೆ ಮುಳ್ಳುಗಳು ತಾವೇ ಎದ್ದು ಝಲ್ ಎಂದವು. ನರಿ ಗಕ್ಕನೆ ನಿಂತ. ಮೇಲೆ ಬಂಡೆಯಲ್ಲಿ ಮರಕುಟಿಗ ಹಿಗ್ಗಿಹೋದ. ಇದ್ಯಾರು ಇಷ್ಟು ಚೆನ್ನಾಗಿ ಗೆಜ್ಜೆ ಕುಣಿಸುತ್ತಿದ್ದಾರೆ ಎಂದು ಆ ಸದ್ದಿಗೆ ಜಾಗ ಬಿಟ್ಟು ತಾಳ ಹಾಕತೊಡಗಿದ. ನರಿ ಒಂದು ಹೆಜ್ಜೆ ಇಟ್ಟ, ಚರ್. ಮುಳ್ಳವ್ವ, ಝಲ್. ಇನ್ನೊಂದು ಹೆಜ್ಜೆ, ಮತ್ತೆ ಝಲ್. ಕೂತವರ ತಲೆಗಳೆಲ್ಲ ತೂಗುತ್ತಿದ್ದವು.

ನರಿಯ ತಾಳ್ಮೆ ಕೆಟ್ಟಿತು. ಒಂದೇ ನೆಗೆತಕ್ಕೆ ಗೂಡಿಗೆ ಬಾಯಿ ಹಾಕಿ ಒಂದು ಮೊಟ್ಟೆ ಕಚ್ಚಿಕೊಂಡ. ಅಷ್ಟರಲ್ಲಿ ಮುಳ್ಳವ್ವ ಮುಳ್ಳು ನಿಗುರಿಸಿಕೊಂಡು ಹಿಂದುಹಿಂದಕ್ಕೇ ಅವನ ಮೇಲೆ ನುಗ್ಗಿದಳು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಲಂಟಾನ. ಉಳಿದದ್ದು ಬಂಡೆಯ ದಾರಿ ಒಂದೇ. ನರಿ ಓಡಿ ಬಂದು ಬಂಡೆಯ ನಟ್ಟನಡುವೆ ನಿಲ್ಲುವುದಕ್ಕೂ ಪದ ಮುಗಿಯುವುದಕ್ಕೂ ಸರಿಹೋಯಿತು. ಎಲ್ಲರೂ ಕಣ್ಣು ಬಿಟ್ಟರು.

ಯಜಮಾನರಿಗೆ ಸಂತೋಷವೋ ಸಂತೋಷ. ಕೂಟ ಬಹಳ ಚೆನ್ನಾಗಾಯಿತು ನರಿಯಣ್ಣ, ಆ ಗೆಜ್ಜೆಯ ಸದ್ದು ಯಾರದು ಎಂದು ಕೇಳಿದರು. ನರಿ ತುಟಿ ಬಿಚ್ಚಲಿಲ್ಲ. ಬಾಲ ಅಲ್ಲಾಡಿಸಿದ. ಕಚ್ಚಿದರೆ ಲೋಳೆ ಸೋರುತ್ತದೆ, ಉಗುಳಿದರೆ ಮೊಟ್ಟೆ ಕಾಣುತ್ತದೆ, ನುಂಗೋಣವೆಂದರೆ ಗಂಟಲಿಗೆ ಇಳಿಯುವುದಿಲ್ಲ. ಉಬ್ಬಿದ ಅವನ ಕೆನ್ನೆಯನ್ನು ಗೌಜಕ್ಕ ನೋಡಿದಳು. ಒಳಗಿರುವುದು ತನ್ನ ಮೊಟ್ಟೆ ಎಂದು ಅವಳಿಗೆ ಹೊಳೆಯಿತು. ಅವನ ಮೇಲೆ ಬಿದ್ದರೆ ಮೊಟ್ಟೆ ಒಡೆಯುತ್ತದೆ. ಅವಳು ದನಿ ನಡುಗದಂತೆ ಹೇಳಿದಳು:

"ಕೂಟ ನಡೆಸಿದವರು ಮಂಗಳ ಹಾಡಬೇಕಲ್ಲ ಯಜಮಾನರೇ. ನರಿಯಣ್ಣ ಹಾಡಲಿ."

ಹೌದು ಹೌದು ಎಂದರು ಎಲ್ಲರೂ. ಜೇನುಹುಳಗಳು ಮತ್ತೆ ಶ್ರುತಿ ಹಿಡಿದವು. ಮರಕುಟಿಗ ಕೊಕ್ಕು ಎತ್ತಿಕೊಂಡು ಕಾದ. ನರಿ ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಮುಳ್ಳವ್ವ ಇದ್ದಳು.

ಝಲ್.

ನರಿ ಊಳಿಟ್ಟ ಊಳು ಹಳ್ಳದ ಆಚೆಗೂ ಕೇಳಿಸಿತು. ಬಾಯಿಂದ ಜಾರಿದ ಮೊಟ್ಟೆ ಗೌಜಕ್ಕನ ಚಾಚಿದ ರೆಕ್ಕೆಯ ಮೇಲೆ ಬಿತ್ತು. ಬಿರುಕಿಲ್ಲ, ಇನ್ನೂ ಬೆಚ್ಚಗಿತ್ತು. ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಜೇನುಹುಳಗಳು ಶ್ರುತಿ ಬಿಟ್ಟು ನರಿಯ ಬೆನ್ನು ಹತ್ತಿದವು. ಹಿಂಭಾಗದಲ್ಲಿ ಮೂರು ಮುಳ್ಳು ಚುಚ್ಚಿಸಿಕೊಂಡು ಓಡಿದವನು ಆ ಕಾಡಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ಯಜಮಾನರು ಮುಳ್ಳವ್ವನ ಮುಂದೆ ಬಂದು, ತಪ್ಪಾಯಿತು ತಾಯಿ, ಅವನು ನಿನ್ನನ್ನು ಆಚೆ ಕಳಿಸಿದಾಗ ನಾವು ಸುಮ್ಮನಿದ್ದೆವು ಎಂದು ತಲೆ ಬಾಗಿದರು. ಪದವನ್ನು ಇನ್ನೊಮ್ಮೆ ಕೇಳಲೇಬೇಕು ಎಂದು ಎಲ್ಲರೂ ಕೂತರು. ಗೌಜಕ್ಕ ಮಾತ್ರ ಬಂಡೆ ಹತ್ತಲು ಒಪ್ಪಲಿಲ್ಲ. ಅದಕ್ಕೇನಂತೆ, ಕೂಟವೇ ಬಂಡೆ ಇಳಿದು ಲಂಟಾನ ಪೊದೆಯ ಸುತ್ತ ಸೇರಿತು. ಐದೂ ಮೊಟ್ಟೆಗಳ ಮೇಲೆ ಕೂತು ಗೌಜಕ್ಕ ಹಾಡಿದಳು. ಪಕ್ಕದಲ್ಲಿ ಮುಳ್ಳವ್ವ ತಲೆಯೆತ್ತಿ ನಿಂತು ಮೈತುಂಬ ಝಲ್ ಝಲ್ ಎನ್ನಿಸಿದಳು. ಮಂಗಳವನ್ನೂ ಅವಳ ಕೈಲೇ ಹಾಡಿಸಿದರು. ಕೆಲವು ದಿನಗಳಲ್ಲಿ ಐದು ಮರಿಗಳು ಚಿಪ್ಪೊಡೆದು ಹೊರಬಂದವು. ಆ ಕಾಡಿನಲ್ಲಿ ಕಾವಿನ ಪದಕ್ಕೆ ಇವತ್ತಿಗೂ ಮುಳ್ಳಿನ ಗೆಜ್ಜೆ ಇರಲೇಬೇಕು. ಕೇಳುವವರು ಕಣ್ಣು ಬಿಟ್ಟುಕೊಂಡೇ ಕೇಳುತ್ತಾರೆ.

ನೀತಿ: ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಎಂದು ನಮಗೆ ಹೇಳುವವನು ತಾನು ಏನು ಮಾಡುತ್ತಿದ್ದಾನೆ ಎಂದು ಮೊದಲು ನೋಡಬೇಕು.