ನೆಟ್ಟಗಾದ ಕಾರು

ಭುಜಂಗಯ್ಯನವರ ಕಾರಿನ ಸ್ಟೀರಿಂಗ್ ಹನ್ನೊಂದು ವರ್ಷದಿಂದ ಸೊಟ್ಟಗೇ ಬದುಕಿತ್ತು. ಕಾರು ಎಡಕ್ಕೆ ಎಳೆಯುತ್ತಿತ್ತು, ಅವರು ಸ್ಟೀರಿಂಗನ್ನು ಬಲಕ್ಕೆ ಅದುಮಿ ಹಿಡಿದು ಓಡಿಸುತ್ತಿದ್ದರು. ಕೊನೆಗೆ ಟೈರಿನ ಒಂದು ಅಂಚು ತಂತಿ ಕಾಣುವಷ್ಟು ಸವೆದಾಗ, ಮೆಕ್ಯಾನಿಕ್ ಮೆಹಬೂಬ ಮುಂದಿನ ಚಕ್ರದ ಓರೆ ತಿದ್ದುವ ಹೊಸ ಬೋಲ್ಟು ಹಾಕಿ, ನೂಲು ಹಿಡಿದು ಅಳತೆ ನೋಡಿ ಚಕ್ರಗಳನ್ನು ನೇರ ಮಾಡಿದ.

“ಇನ್ನು ನಿನಗೆ ವಿಶ್ರಾಂತಿ,” ಎಂದಿತು ಬೋಲ್ಟು ಸ್ಟೀರಿಂಗಿಗೆ, ಗತ್ತಿನಿಂದ.

ಕಾರು ಗ್ಯಾರೇಜು ಬಿಟ್ಟು ನೂರು ಗಜ ಹೋಗಿರಲಿಲ್ಲ, ಬಲಕ್ಕೆ ನುಗ್ಗಿತು. ಎದುರು ಬಂದ ಹಾಲಿನ ವ್ಯಾನಿನಿಂದ ಕೂದಲೆಳೆಯ ಅಂತರದಲ್ಲಿ ಪಾರಾಯಿತು.

“ನೀನು ಸೊಟ್ಟಗಿದ್ದೀಯಾ?” ಸ್ಟೀರಿಂಗ್ ಗಾಬರಿಯಿಂದ ಕೇಳಿತು.

“ನಾನು ನೆಟ್ಟಗಿದ್ದೇನೆ. ಚಕ್ರವೂ ನೆಟ್ಟಗಿದೆ.”

“ಹಾಗಾದರೆ ಬಲಕ್ಕೆ ಎಳೆದದ್ದು ಯಾರು?”

“ನಿನ್ನನ್ನು ಹಿಡಿದ ಕೈ. ಅದಕ್ಕೆ ಯಾರೂ ಬೋಲ್ಟು ಹಾಕಿಲ್ಲ.”

ಭುಜಂಗಯ್ಯ ಕೆಂಡಾಮಂಡಲವಾಗಿ ಗ್ಯಾರೇಜಿಗೆ ಮರಳಿದರು. “ಏನಯ್ಯಾ, ನೆಟ್ಟಗಿದ್ದ ಕಾರನ್ನು ಸೊಟ್ಟ ಮಾಡಿಟ್ಟೆಯಲ್ಲ!”

ಮೆಹಬೂಬ ಮತ್ತೆ ನೂಲು ಹಿಡಿದು ಚಕ್ರ ನೇರವಿರುವುದನ್ನು ತೋರಿಸಿದ. ಅವರು ಅತ್ತ ತಿರುಗಿಯೂ ನೋಡಲಿಲ್ಲ. ಅವನು ನಿಟ್ಟುಸಿರು ಬಿಟ್ಟು, ಬೋಲ್ಟನ್ನು ಹಳೆಯ ಓರೆಗೇ ತಿರುಗಿಸಿ ಬಿಗಿದ.

ಕಾರು ರಸ್ತೆಗಿಳಿದು ಎಡಕ್ಕೆ ಎಳೆಯಿತು. ಕೈ ಬಲಕ್ಕೆ ಅದುಮಿತು. ಕಾರು ನೇರವಾಗಿ ಓಡಿತು.

“ಈಗ ನೋಡು, ನೆಟ್ಟಗಾಯಿತು!” ಎಂದು ಭುಜಂಗಯ್ಯ ಸ್ಟೀರಿಂಗನ್ನು ಪ್ರೀತಿಯಿಂದ ತಟ್ಟಿದರು.

ಸ್ಟೀರಿಂಗ್ ಸೊಟ್ಟಗೆ ನಿಂತುಕೊಂಡೇ ಬೋಲ್ಟನ್ನು ಕೇಳಿತು: “ಅಣ್ಣಾ, ನೆಟ್ಟಗೆ ಅಂದರೆ ಯಾವುದು?”